ಕಲಾಯಿ ಹೊಗೆ

“ಅಪ್ಪನ ಒಲೆ ಆರಿಸಿದೋನಿಗೆ ಬೆಂಕಿ ಮಡಕೆ ಬೇರೆ ಕೇಡು!”

ಹಲಸೂರಿನ ಗಲ್ಲಿಯಲ್ಲಿ ಸೇರಿದ್ದ ಜನರೆಲ್ಲ ತಿರುಗಿ ಮಧುಕರನನ್ನು ನೋಡಿದರು. ಹಾಗೆ ಕೂಗಿದ ಅವನ ಚಿಕ್ಕಪ್ಪ ಚಿಕ್ಕಮುನಿಯಪ್ಪ ಕಲಾಯಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮಡಕೆಗೆ ತುಂಬಬೇಕಾದ ಕೆಂಡಕ್ಕೆ ರಟ್ಟಿನಿಂದ ಗಾಳಿ ಬೀಸುತ್ತಿದ್ದ. ಒಲೆಗೆ ಗಾಳಿ ಊದುವ ತಿದಿ ಇರಲಿಲ್ಲ. ಅದನ್ನು ಹೋದ ತಿಂಗಳು ಮಧುಕರ್ ಸುತ್ತಿಗೆಯಿಂದ ಒಡೆದುಹಾಕಿದ್ದ. ಚಟ್ಟದ ಮೇಲೆ ಅವನಪ್ಪ ಅಂಜನಮೂರ್ತಿ. ನಲವತ್ತು ವರ್ಷ ಇದೇ ಒಲೆಯ ಮುಂದೆ ಕೂತು ಹಿತ್ತಾಳೆ ಪಾತ್ರೆಗಳಿಗೆ ತವರ ಬಳಿದವನು.

“ಕೆಲ್ಸ ನಿಂತಿದ್ದಕ್ಕೇ ಸತ್ತ ನಮ್ಮಣ್ಣ. ಕೊಂದೋನು ಇವ್ನೇ.”

“ಬಿಡ್ರಿ ಮುನಿಯಪ್ಪ,” ಎಂದ ಪಕ್ಕದಂಗಡಿಯ ಹಬೀಬ್. “ನಿಮ್ಮಣ್ಣನ ಕೆಮ್ಮು ನೀವು ಕೇಳಿಲ್ಲ. ಗೋಡೆ ಆಚೆ ಕೂತು ನಾನು ಕೇಳಿದೀನಿ.”

“ಈ ಊರಲ್ಲಿ ಕೆಮ್ಮು ಯಾರಿಗಿಲ್ಲ ಸಾಬ್ರೆ?”

ಗಲ್ಲಿಯ ತುದಿಯಲ್ಲಿ ಶವದ ವ್ಯಾನು ಮತ್ತೆ ಹಾರನ್ ಹೊಡೆಯಿತು.

*

ಹೋದ ತಿಂಗಳು ಕುಕ್ ಟೌನಿನ ಬೃಂದಾ ಮೇಡಂ ಕಾರಿನಿಂದ ಐದು ಹಿತ್ತಾಳೆ ಪಾತ್ರೆ ಇಳಿಸಿದ್ದರು.

“ನಾನ್‌ಸ್ಟಿಕ್ ಎಲ್ಲಾ ಬಿಸಾಕ್ಬಿಟ್ಟೆ ಮೂರ್ತಿ. ಕೋಟಿಂಗ್ ಎದ್ರೆ ಅದು ಬರೀ ಕಸ, ಭೂಮಿಗೂ ಕೇಡು. ಇನ್ಮೇಲೆ ಇದೇ.”

“ಹೂಂ ಅಮ್ಮಾ. ಸವೆದ್ರೆ ಇನ್ನೊಂದ್ಸಲ ಕಲಾಯಿ, ಅಷ್ಟೇ. ಮೊಮ್ಮಕ್ಕಳ ಕಾಲಕ್ಕೂ ಇರತ್ತೆ.” ಅಪ್ಪ ಹಿಗ್ಗಿದ್ದ.

ತವರ ಹಿಡಿಯಲೆಂದು ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿದ. ಬಿಳಿ ಹೊಗೆ ಬುಸ್ಸೆಂದು ಎದ್ದಿತು. ಮೇಡಂ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಕಾರು ಹತ್ತಿ ಗಾಜು ಏರಿಸಿದರು. ಅಪ್ಪ ಅಲ್ಲೇ ಕೂತು ಹತ್ತಿಯಿಂದ ತವರ ಸವರಿದ, ಕೆಮ್ಮಿದ, ಸವರಿದ. ಮಗ ತಂದುಕೊಟ್ಟ ಮಾಸ್ಕು ಮೊಳೆಯಲ್ಲಿ ನೇತಾಡುತ್ತಿತ್ತು.

“ಬಿಟ್ಬಿಡಪ್ಪ ಇದನ್ನ. ಡಾಕ್ಟ್ರು ಏನಂದ್ರು? ಇನ್ನೊಂದು ಹಬ್ಬ ನೋಡ್ಬೇಕು ಅಂದ್ರೆ ಹೊಗೆ ಬಿಡಿ ಅಂದ್ರು.”

“ಮೇಡಮ್ಮಂದು ಇನ್ನೂ ಎರಡಿದೆ ಕಣೋ.”

ಮಧುಕರ್ ಸುತ್ತಿಗೆ ಎತ್ತಿದ್ದು ಆಗಲೇ. ಮಾರನೇ ದಿನದಿಂದ ಅಪ್ಪ ಆರಿದ ಒಲೆಯ ಮುಂದೆ ಬಂದು ಸುಮ್ಮನೆ ಕೂರತೊಡಗಿದ.

*

ಕೆಂಡ ತುಂಬಿದ ಮಡಕೆಯನ್ನು ಮಧುಕರ್ ಹಗ್ಗ ಹಿಡಿದು ಎತ್ತಿದ. ಕೊನೆಯ ದರ್ಶನಕ್ಕೆ ಬಂದಿದ್ದ ಬೃಂದಾ ಮೇಡಂ ಶವಕ್ಕೆ ಹಾರ ಹಾಕಿ ಕಣ್ಣೊರೆಸಿಕೊಂಡರು.

“ಎಂಥಾ ಕೆಲಸ ಅವರದು. ಪರಿಸರ ಉಳಿಸೋ ಕೆಲಸ.” ಆಮೇಲೆ ದನಿ ತಗ್ಗಿಸಿ, “ನನ್ನ ಎರಡು ಪಾತ್ರೆ ಹಾಗೇ ಇದೆಯಲ್ಲ ಮಧು... ಇನ್ಮೇಲೆ ನೀನು ಕಲಾಯಿ ಹಾಕ್ತೀಯಾ?”

“ಹೇಳೋ,” ಎಂದ ಚಿಕ್ಕಪ್ಪ, “ಎಲ್ರೂ ಕೇಳ್ಲಿ.”

ಗಾಳಿ ತಿರುಗಿತು. ಮಡಕೆಯ ಹೊಗೆ ಬೃಂದಾರತ್ತ ಹೊರಳಿತು. ದುಪಟ್ಟಾ ಮೂಗಿಗೇರಿತು.

ಮಧುಕರ್ ಮಡಕೆಯನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡ. ಹೊಗೆಯೆಲ್ಲ ಮುಖಕ್ಕೆ ಬಡಿಯಿತು. ಅಪ್ಪನಂತೆಯೇ ಮೂಗು ಮುಚ್ಚಿಕೊಳ್ಳದೆ, ಕೆಮ್ಮುತ್ತ, ವ್ಯಾನಿನ ಕಡೆಗೆ ನಡೆದ.