ಕರೆಯದೇ ಬಂದ ಜೋಡಾಟ

ನೆರಿಯದ ದೇವಿಪ್ರಸಾದರ ಗದ್ದೆಗೆ ಬರಬೇಕಿದ್ದದ್ದು ಒಂದು ಯಕ್ಷಗಾನ ಮೇಳ, ಬಂದದ್ದು ಎರಡು. ಮಧ್ಯಾಹ್ನ ನರಿಕೊಂಬು ಮೇಳದ ಲಾರಿ ಬಂತು, ಅದರ ಬೆನ್ನಿಗೇ ನಾರಾವಿ ಮೇಳದ್ದು. ಮ್ಯಾನೇಜರುಗಳಿಬ್ಬರೂ ಮೊಬೈಲು ಎತ್ತಿ ಹಿಡಿದು ಜಗಳಕ್ಕೆ ನಿಂತರು.

ಮೂಡಬಿದ್ರೆಯಿಂದ ಸಾಧನಾಳನ್ನು ಕರೆಸಿದರು. ಎರಡೂ ಮೇಳಗಳಿಗೆ ಬುಕಿಂಗ್ ಆ್ಯಪ್ ಮಾಡಿಕೊಟ್ಟವಳು ಅವಳೇ. ಅವಳ ಪುಟ್ಟ ಕಂಪೆನಿಗೆ ಇರುವ ಗಿರಾಕಿಗಳೂ ಇವರಿಬ್ಬರೇ. ಇವರು ಮುನಿಸಿಕೊಂಡರೆ ಕಂಪೆನಿ ಮುಚ್ಚಿದಂತೆಯೇ. 

ಲ್ಯಾಪ್‌ಟಾಪ್ ಬಿಡಿಸಿದ ಮೇಲೆ ವಿಷಯ ಬೇಗನೆ ಸಿಕ್ಕಿತು. ಲಾಗಿನ್ ಆದವರಿಗೆ ಅವರವರ ಮೇಳದ ಹೆಸರಿನಲ್ಲಿ ಒಂದು ಟೋಕನ್ ಸಿಗುತ್ತದೆ, ಅದನ್ನು ತೋರಿಸಿದರೆ ಕ್ಯಾಲೆಂಡರ್ ತೆರೆಯುತ್ತದೆ. ಟೋಕನ್ನಿನ ಮುದ್ರೆ ಅಸಲಿಯೇ, ಅವಧಿ ಉಂಟೇ ಎಂದು ಪ್ರೋಗ್ರಾಂ ನೋಡುತ್ತಿತ್ತು. ಅದು ಯಾವ ಮೇಳದ್ದು ಎಂದು ಮಾತ್ರ ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರನ್ನೂ "ನೀವು ಯಾರ ಮನೆಯವರು?" ಎಂದು ವಿಚಾರಿಸುವ ಊರಿನವಳು ಬರೆದ ಪ್ರೋಗ್ರಾಂ ಇದು!

ನರಿಕೊಂಬಿನ ಮ್ಯಾನೇಜರ್ ಕೇಶವಪ್ರಸಾದರು ಯಾವುದೋ ಲಿಂಕ್ ಒತ್ತಿ, ತಮ್ಮ ಟೋಕನ್ನಿನಿಂದಲೇ ನಾರಾವಿಯ ಕ್ಯಾಲೆಂಡರಿಗೆ ನುಗ್ಗಿ, ತಮ್ಮದೇ ಎಂದುಕೊಂಡು ಈ ಆಟವನ್ನು ಅಲ್ಲಿ ಬರೆದಿಟ್ಟಿದ್ದರು. ಅದನ್ನು ನೋಡಿ ನಾರಾವಿಯವರು ಲಾರಿ ಹೊರಡಿಸಿದ್ದರು.

"ತಪ್ಪು ನನ್ನದು," ಎಂದಳು ಸಾಧನಾ. "ನರಿಕೊಂಬಿನ ಟೋಕನ್ ನಾರಾವಿಯಲ್ಲಿ ನಡೀಲೇಬಾರದಿತ್ತು. ಈಗಲೇ ಸರಿ ಮಾಡ್ತೇನೆ."

"ಸರಿ ಮಾಡಿ ಏನು ಮಾರಾಯ್ತಿ? ನಾವು ವಾಪಸ್ ಹೋಗುವುದಾ?" ನಾರಾವಿಯ ಮ್ಯಾನೇಜರ್ ಶಾಂತಿಪ್ರಸಾದರು ಸಿಡುಕಿದರು.

ಜಗಲಿಯಲ್ಲಿದ್ದ ದೇವಿಪ್ರಸಾದರ ತಾಯಿ ಶ್ರೀಮತಿಯಮ್ಮ ಬಾಯಿ ಹಾಕಿದರು. "ಯಾಕೆ ಹೋಗುವುದು? ಗದ್ದೆ ದೊಡ್ಡದುಂಟು. ಎರಡು ರಂಗಸ್ಥಳ ಹಾಕಿ, ಜೋಡಾಟ ಆಗಲಿ!"

ಒಂದೇ ಪ್ರಸಂಗವನ್ನು ಎರಡು ಮೇಳಗಳು ಅಕ್ಕಪಕ್ಕ ನಿಂತು ಪೈಪೋಟಿಯಲ್ಲಿ ಆಡುವುದೆಂದರೆ ಯಾರು ಬೇಡವೆನ್ನುತ್ತಾರೆ? ಸುದ್ದಿ ಹಬ್ಬಿ ಬೆಳ್ತಂಗಡಿಯಿಂದಲೂ ಬೈಕುಗಳು ಬಂದವು. ಜಗಳವಾಡುತ್ತಿದ್ದವರು ಈಗ ತಮ್ಮ ತಮ್ಮ ಚೆಂಡೆ ಬಿಗಿಸುವುದರಲ್ಲಿ ಮುಳುಗಿದರು.

ಅಷ್ಟರಲ್ಲಿ ಸಾಧನಾ ಪ್ರೋಗ್ರಾಂ ತಿದ್ದಿದಳು. ಕೇಶವಪ್ರಸಾದರು ಮತ್ತೆ ಆ ಲಿಂಕ್ ಒತ್ತಿದರೆ, "ನೀವು ಈ ಮೇಳದವರಲ್ಲ" ಎಂದು ಫೋನು ಖಡಾಖಂಡಿತವಾಗಿ ಹೇಳಿತು. ಅವಳಿಗಾದ ಖುಷಿ ಅಷ್ಟಿಷ್ಟಲ್ಲ.

ಶ್ರೀಮತಿಯಮ್ಮನ ಮುಖ ಮಾತ್ರ ಸಪ್ಪೆಯಾಯಿತು. "ಹಾಗಾದ್ರೆ ಮುಂದಿನ ವರ್ಷ ಜೋಡಾಟ ಇಲ್ವಾ ಮಗಾ?"

ಮ್ಯಾನೇಜರುಗಳು ಮುಖ ಮುಖ ನೋಡಿಕೊಂಡರು.

"ಉಂಟಮ್ಮ," ಎಂದರು ಶಾಂತಿಪ್ರಸಾದರು. "ನಾವು ನಮ್ಮದರಲ್ಲಿ ಬರೀತೇವೆ, ಅವರು ಅವರದ್ದರಲ್ಲಿ ಬರೀಲಿ."

ಇಬ್ಬರೂ ಅಲ್ಲೇ ನಿಂತು ತಮ್ಮ ತಮ್ಮ ಕ್ಯಾಲೆಂಡರಿನಲ್ಲಿ ನೆರಿಯದ ಆಟ ಬರೆದರು. ಸಾಧನಾಳ ಪ್ರೋಗ್ರಾಂ ಇಬ್ಬರನ್ನೂ ಯಾವ ಮೇಳದವರೆಂದು ಕೇಳಿಯೇ ಒಳಗೆ ಬಿಟ್ಟಿತು. ಇನ್ನೊಂದು ವರ್ಷಕ್ಕೆ ಗಿರಾಕಿಗಳು ಗಟ್ಟಿ. ಅವಳು ಲ್ಯಾಪ್‌ಟಾಪ್ ಮಡಚಿ, ಆಟ ನೋಡಲು ಶ್ರೀಮತಿಯಮ್ಮನ ಚಾಪೆಯಲ್ಲೇ ಜಾಗ ಮಾಡಿಕೊಂಡು ಕೂತಳು.