ಮೈದಾನದಡಿಯ ಪೈಪು

೧೯೮೮ರ ಜುಲೈ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ, ಹರಿಣಾಕ್ಷಿಗೆ ತನ್ನ ತಪ್ಪು ಕಣ್ಣಿಗೆ ಬಿತ್ತು.

ಅವಳು ಪುತ್ತೂರಿನಲ್ಲಿ ಸರ್ವೋತ್ತಮ ರೈಗಳ ಕಚೇರಿಯಲ್ಲಿ ಇಂಜಿನಿಯರ್. ಕಟ್ಟಡ, ಚರಂಡಿ, ಸಣ್ಣ ಸೇತುವೆಗಳ ನಕ್ಷೆ ಮಾಡಿಕೊಡುವ ಆ ಕಚೇರಿಗೆ ಹಿಂದಿನ ವರ್ಷ ಒಂದು ಕಂಪ್ಯೂಟರ್ ಬಂದಿತ್ತು. ಅದನ್ನಿಟ್ಟ ಕೋಣೆಗೆ ಎಲ್ಲರೂ ಚಪ್ಪಲಿ ಕಳಚಿ ಹೋಗಬೇಕಿತ್ತು. ಮಳೆನೀರಿನ ಪೈಪುಗಳ ಲೆಕ್ಕ ಹಾಕುವ ಪ್ರೋಗ್ರಾಮೊಂದನ್ನು ರೈಗಳ ಸಹಪಾಠಿಯೊಬ್ಬರು ಬರೆದು ಎರಡು ಫ್ಲಾಪಿಗಳಲ್ಲಿ ಕಳಿಸಿದ್ದರು. ನೀರು ಎಷ್ಟು ಜಾಗದಿಂದ ಹರಿದುಬರುತ್ತದೆ, ಗಂಟೆಗೆ ಎಷ್ಟು ಮಳೆ, ಪೈಪಿನ ಅಗಲ ಎಷ್ಟು, ಉದ್ದ ಎಷ್ಟು, ಇಳಿಜಾರು ಎಷ್ಟು ಎಂದು ಅದು ಒಂದೊಂದಾಗಿ ಕೇಳುತ್ತಿತ್ತು. ಎಲ್ಲವನ್ನೂ ಟೈಪ್ ಮಾಡಿ ಮುಗಿಸಿದರೆ, ಬರುವ ನೀರೆಷ್ಟು, ಪೈಪು ಒಯ್ಯುವ ನೀರೆಷ್ಟು ಎಂದು ಹಸಿರು ಅಕ್ಷರಗಳಲ್ಲಿ ತೋರಿಸಿ, ಪೈಪು ಸಾಕಾಗುವಂತಿದ್ದರೆ ಸಾಲಿನ ಕೊನೆಗೆ ‘ಓಕೆ’ ಎಂದು ಬರೆಯುತ್ತಿತ್ತು. ಕಚೇರಿಯಲ್ಲಿ ಅದನ್ನು ನಡೆಸಲು ಗೊತ್ತಿದ್ದದ್ದು ಹರಿಣಾಕ್ಷಿಗೆ ಮಾತ್ರ.

ಬೆಳ್ಳಾರೆ ಪೇಟೆಯ ಚರಂಡಿಯ ಕೆಲಸವೊಂದು ಬಂದಿತ್ತು. ಹಳೆಯ ಲೆಕ್ಕವೊಂದು ಮಾದರಿಗಿರಲಿ ಎಂದು ಅವಳು ಕಡಬದ ಶಾಲೆಯ ಫೈಲು ತೆಗೆದಳು. ಕೇರಳದಿಂದ ಬಂದು ರಬ್ಬರ್ ಹಾಕಿದ ಕುಟುಂಬಗಳು ಸೇರಿ ಕಟ್ಟಿದ ಶಾಲೆ ಅದು. ಗುಡ್ಡದ ಮೇಲಿದ್ದ ಆ ಶಾಲೆಯ ಮಕ್ಕಳಿಗೆ ಆಡಲು ಸಮತಟ್ಟು ನೆಲವಿರಲಿಲ್ಲ. ಅದಕ್ಕೇ ಬೇಸಿಗೆಯಲ್ಲಿ ಊರವರೆಲ್ಲ ಶ್ರಮದಾನ ಮಾಡಿ, ಪಕ್ಕದ ಕಣಿವೆಗೆ ಅಡ್ಡಲಾಗಿ ಎರಡಾಳೆತ್ತರ ಮಣ್ಣು ತುಂಬಿ ಮೈದಾನ ಮಾಡಿದ್ದರು. ಕಣಿವೆಯ ತೋಡು ಈಗ ಮೈದಾನದ ಅಡಿಯಲ್ಲಿ, ನಾಲ್ಕು ಅಡಿ ಅಗಲದ ಸಿಮೆಂಟ್ ಪೈಪಿನೊಳಗೆ ಹರಿಯುತ್ತಿತ್ತು. ಆ ಪೈಪಿನ ಲೆಕ್ಕ ಹರಿಣಾಕ್ಷಿಯದ್ದು.

ಕಂಪ್ಯೂಟರಿನ ಹಾಳೆಯಲ್ಲಿ ಪೈಪಿನ ಇಳಿಜಾರು ೦.೦೨೫ ಎಂದಿತ್ತು. ಪಕ್ಕದಲ್ಲೇ ಅಳತೆಯ ಪುಸ್ತಕ ತೆರೆದುಕೊಂಡಿತ್ತು. ಎಂಬತ್ತು ಮೀಟರ್ ಉದ್ದಕ್ಕೆ ಇಪ್ಪತ್ತು ಸೆಂಟಿಮೀಟರ್ ಇಳಿತ. ಅವಳು ಮನಸ್ಸಿನಲ್ಲೇ ಭಾಗಿಸಿದಳು. ೦.೦೦೨೫. ಇನ್ನೊಮ್ಮೆ ಕಾಗದದ ಮೇಲೆ ಭಾಗಿಸಿದಳು. ಟೈಪ್ ಮಾಡುವಾಗ ಒಂದು ಸೊನ್ನೆ ಬಿಟ್ಟುಹೋಗಿತ್ತು.

ಸರಿಯಾದ ಅಂಕಿ ಹಾಕಿ ಲೆಕ್ಕವನ್ನು ಮತ್ತೆ ಓಡಿಸಿದಳು. ದೊಡ್ಡ ಮಳೆಗೆ ತೋಡಿನಲ್ಲಿ ಬರುವ ನೀರು ಸೆಕೆಂಡಿಗೆ ಮೂರು ಘನ ಮೀಟರ್. ಪೈಪು ಒಯ್ಯುವುದು ಎರಡಕ್ಕಿಂತಲೂ ಕಡಿಮೆ. ಸಾಲಿನ ಕೊನೆಯ ಜಾಗ ಖಾಲಿಯಿತ್ತು.

ಉಳಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಅವಳಿಗೆ ಯಾವ ಪ್ರೋಗ್ರಾಮೂ ಹೇಳಬೇಕಿರಲಿಲ್ಲ. ಮೈದಾನದ ಹಿಂದೆ ಕೆರೆಯಂತೆ ನಿಲ್ಲುತ್ತದೆ. ಏರುತ್ತದೆ. ಕೊನೆಗೆ, ಒಂದು ಬೇಸಿಗೆಯಲ್ಲಿ ಬುಟ್ಟಿಯಲ್ಲಿ ಹೊತ್ತು ಹಾಕಿದ ಆ ಹಸಿ ಮಣ್ಣಿನ ಮೇಲಿಂದ ದಾಟುತ್ತದೆ. ಮೈದಾನದ ಬುಡಕ್ಕೆ ತಾಗಿಕೊಂಡೇ ಬಾಲವಾಡಿಯ ಹಂಚಿನ ಮನೆ. ಅಲ್ಲಿ ಮೂವತ್ತು ಮಕ್ಕಳು.

ರೈಗಳು ಹಳೆಯ, ಹೊಸ ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

“ಯಾರಿಗೆಲ್ಲ ಹೇಳಿದ್ದಿ?”

“ಯಾರಿಗೂ ಇಲ್ಲ ಸರ್.”

“ಹೇಳುದು ಬೇಡ. ಗಂಟೆಗೆ ಎಪ್ಪತ್ತೈದು ಮಿಲಿಮೀಟರ್ ಮಳೆ ಎಂತ ದಿನಾ ಬರ್ತದಾ? ಈ ಮಳೆಗಾಲ ಒಂದು ಕಳೀಲಿ. ಬೇಸಿಗೆಯಲ್ಲಿ ಇನ್ನೊಂದು ಪೈಪ್ ಹಾಕಿಸುವ.”

“ಸರ್, ಕೆಳಗೆ ಮಕ್ಕಳುಂಟು.”

“ನಂಗೆ ಗೊತ್ತಿಲ್ವಾ ಮಾರಾಯ್ತಿ? ಈಗ ಹೇಳಿದ್ರೆ ಎಂತ ಆಗ್ತದೆ? ಮಳೆಗಾಲದಲ್ಲಿ ಆ ಮಣ್ಣು ಅಗೆಯಲಿಕ್ಕೆ ಆಗ್ತದಾ? ಸುಮ್ಮನೆ ಊರು ಹೆದರುದು, ನಮ್ಮ ಹೆಸರು ಹಾಳಾಗುದು. ನಿನ್ನದೂ.”

ನಿನ್ನದೂ ಎಂಬ ಆ ಮಾತು ಅವಳೊಳಗೆ ಕೂತುಬಿಟ್ಟಿತು. ಹುಡುಗಿ ಮಾಡಿದ ಪೈಪು ನೋಡಿ ಎಂದು ಯಾರು ಯಾರು ಹೇಳಬಹುದೋ ಅವರ ಮುಖಗಳೆಲ್ಲ ಎದುರಿಗೆ ಬಂದವು. ಅವಳು ಸುಮ್ಮನಾದಳು. ಮಂಗಳವಾರ ಸುಮ್ಮನಾದಳು, ಬುಧವಾರವೂ ಸುಮ್ಮನಿದ್ದಳು. ಆ ಎರಡು ದಿನ ಮಳೆ ಬಿಟ್ಟುಬಿಟ್ಟು ಬಂತು. ಹನಿ ಜೋರಾದಾಗಲೆಲ್ಲ ಅವಳು ಎದ್ದು ಕಿಟಕಿಯ ಬಳಿ ಹೋಗುತ್ತಿದ್ದಳು. ತಟ್ಟೆಯೆದುರು ಕೂತರೆ ಬಾಲವಾಡಿಯ ಮಕ್ಕಳು ಸಾಲಾಗಿ ಕೂತು ಉಪ್ಪಿಟ್ಟು ತಿನ್ನುವುದು ಕಾಣುತ್ತಿತ್ತು. ಪೈಪು ಹಾಕಿಸುವ ದಿನಗಳಲ್ಲಿ ಅವಳು ಅದನ್ನು ನೋಡಿದ್ದಳು.

ಗುರುವಾರ ಬೆಳಿಗ್ಗೆ ಏಳಕ್ಕೆ, ಅವಳ ಮನೆಯಿದ್ದ ಕಬಕದಲ್ಲಿ ಆಕಾಶ ಕಪ್ಪಾಯಿತು. ಮಳೆ ಹೊಯ್ಯತೊಡಗಿತು. ಹರಿಣಾಕ್ಷಿ ಬಿಸ್ಕತ್ತಿನ ಖಾಲಿ ಡಬ್ಬವೊಂದನ್ನು ಅಂಗಳದ ನಡುವೆ ಇಟ್ಟು, ಗಡಿಯಾರ ನೋಡುತ್ತ ಜಗಲಿಯಲ್ಲಿ ನಿಂತಳು.

“ಎಂತ ಮಾಡುದು ನೀನು? ಆಫೀಸಿಗೆ ಹೋಗುದಿಲ್ವಾ?” ಎಂದು ತಾಯಿ ಪಂಕಜಾಕ್ಷಿ ಒಳಗಿನಿಂದ ಕೇಳಿದರು. ಅರ್ಧ ಗಂಟೆ ಕಳೆದ ಮೇಲೆ ಡಬ್ಬದೊಳಗೆ ಸ್ಕೇಲು ಇಳಿಸಿದಳು. ಮೂವತ್ತನಾಲ್ಕು ಮಿಲಿಮೀಟರ್. ಗಂಟೆಗೆ ಅರವತ್ತೆಂಟು. ಮೋಡಗಳು ಮೂಡಣಕ್ಕೆ, ಘಟ್ಟದ ಕಡೆಗೆ ಹೋಗುತ್ತಿದ್ದವು. ಕಡಬ ಇರುವುದು ಅತ್ತಲೇ.

ಅಂಚೆ ಕಚೇರಿಗೆ ಓಡಿ ಶಾಲೆಗೆ ಫೋನ್ ಮಾಡಿಸಿದಳು. ಕಡಬದ ಲೈನು ಸತ್ತಿತ್ತು. ಸಿಕ್ಕಿದ ಬಸ್ಸು ಹತ್ತಿದಳು. ಪುತ್ತೂರಿನಲ್ಲಿ ಇಳಿದಾಗ ಕಚೇರಿಯ ಕಿಟಕಿ ತೆರೆದಿರುವುದು ಕಂಡಿತು. ಅತ್ತ ಹೋಗದೆ ಉಪ್ಪಿನಂಗಡಿ ದಾರಿಯಾಗಿ ಕಡಬಕ್ಕೆ ಹೋಗುವ ಬಸ್ಸಿಗೆ ಹತ್ತಿ ಕೂತಳು. ಸೇತುವೆಯ ಕೆಳಗೆ ಹೊಳೆ ಕೆಂಪಾಗಿ, ಬುಡಸಮೇತ ಮರಗಳನ್ನು ಹೊತ್ತು ಹೋಗುತ್ತಿತ್ತು.

ಆಲಂಕಾರಿನಲ್ಲಿ ಬಸ್ಸು ನಿಂತಿತು. ಮುಂದೆ ರಸ್ತೆಗೆ ಮರ ಬಿದ್ದಿದೆ ಎಂದರು. ಅಂಗಡಿಯ ಮಾಡಿನಡಿ ನಿಂತಿದ್ದ ಒಬ್ಬ ಅವಳನ್ನು ಗುರುತಿಸಿದ. ಮೈದಾನಕ್ಕೆ ಮಣ್ಣು ತುಂಬುವಾಗ ಇಡೀ ಬೇಸಿಗೆ ದುಡಿದ ಜೋಯಿ. ಅವನ ಜೀಪು ಅಲ್ಲೇ ಇತ್ತು.

“ಓ ಮೇಡಂ! ಶಾಲೆಗಾ? ಬನ್ನಿ, ತೋಟದೊಳಗೆ ಮಣ್ಣಿನ ದಾರಿ ಉಂಟು.”

ಜೀಪು ಕೆಸರಿನಲ್ಲಿ ಜಾರುತ್ತ ಹೋಗುವಾಗ ಜೋಯಿ ಮಾತಾಡುತ್ತಲೇ ಇದ್ದ. “ಆಗಸ್ಟ್ ಹದಿನೈದಕ್ಕೆ ಫುಟ್‌ಬಾಲ್ ಇಟ್ಟಿದ್ದೇವೆ. ನೆಲ್ಯಾಡಿಯವರೂ ಬರ್ತಾರೆ. ನಿಮ್ಮನ್ನೂ ಕರೀಬೇಕು ಅಂತ ಚಾಕೋ ಮಾಸ್ಟ್ರು ಹೇಳ್ತಾ ಇದ್ರು.” ಇವನಿಗೆ ಹೇಳಬೇಕು ಎಂದುಕೊಂಡಳು. ಇನ್ನೊಂದು ತಿರುವು ಕಳೆಯಲಿ ಎಂದುಕೊಂಡಳು. ತಿರುವುಗಳೆಲ್ಲ ಕಳೆದು ಶಾಲೆ ಬಂತು.

ಅವಳು ಇಳಿದು ಮೈದಾನದ ಮೇಲಿನ ಅಂಚಿಗೆ ಓಡಿದಳು. ತೋಡು ಇರಲಿಲ್ಲ. ಅದರ ಜಾಗದಲ್ಲಿ ಕೆಂಪು ನೀರಿನ ಕೆರೆಯೊಂದು ಹುಟ್ಟಿತ್ತು. ಕಣಿವೆಯ ಮರಗಳು ಅರ್ಧದವರೆಗೆ ಮುಳುಗಿದ್ದವು. ಪೈಪಿನ ಬಾಯಿ ಎಲ್ಲಿದೆಯೆಂದು ತೋರಿಸುವಂತೆ ಒಂದು ಸುಳಿ ಮಾತ್ರ ತಿರುಗುತ್ತಿತ್ತು. ಮೈದಾನದ ಮಟ್ಟಕ್ಕೆ ಇನ್ನು ಒಂದೂವರೆ ಮೀಟರ್ ಬಾಕಿ. ಬೆನ್ನ ಹಿಂದೆ, ಕೆಳಗಿನಿಂದ, ಬಾಲವಾಡಿಯ ಮಕ್ಕಳು ಹಾಡು ಹೇಳುವುದು ಮಳೆಯ ಸದ್ದಿನಲ್ಲೂ ಕೇಳಿಸುತ್ತಿತ್ತು.

ಶಾಲೆಯ ಮುಖ್ಯೋಪಾಧ್ಯಾಯ ಚಾಕೋ ಮಾಸ್ಟ್ರು ಕೊಡೆ ಹಿಡಿದು ಬಂದರು. “ಎಂತ ಮೇಡಂ, ಈ ಮಳೆಗೆ?”

“ಮಾಸ್ಟ್ರೆ, ಬಾಲವಾಡಿ ಖಾಲಿ ಮಾಡಿಸಿ. ಈಗಲೇ.” ಹರಿಣಾಕ್ಷಿ ಸುಳಿಯ ಕಡೆ ಕೈ ತೋರಿಸಿದಳು. “ಪೈಪಿನ ಲೆಕ್ಕ ತಪ್ಪಾಗಿದೆ. ಇಷ್ಟು ನೀರು ಅದರಲ್ಲಿ ಹೋಗುದಿಲ್ಲ. ತಪ್ಪು ನಂದು. ಮಂಗಳವಾರ ಗೊತ್ತಾಯ್ತು. ಹೇಳಲಿಲ್ಲ.”

ಚಾಕೋ ಮಾಸ್ಟ್ರು ಅವಳ ಮುಖವನ್ನು ನೋಡಿದರು. ನೀರನ್ನು ನೋಡಿದರು. ಶಾಲೆಯ ಕಡೆಗೆ ತಿರುಗಿ ಓಡಿದರು. ಗಂಟೆ ಒಂದೇ ಸಮನೆ ಮೊಳಗತೊಡಗಿತು. ದೊಡ್ಡ ತರಗತಿಯ ಮಕ್ಕಳು, ಮಾಸ್ತರರು ಎಲ್ಲರೂ ಗುಡ್ಡದ ಮೆಟ್ಟಿಲಲ್ಲಿ ಸಾಲು ನಿಂತರು.

ಬಾಲವಾಡಿ ನೋಡಿಕೊಳ್ಳುತ್ತಿದ್ದ ಕುಟ್ಟಿಯಮ್ಮ ಬಾಗಿಲಲ್ಲೇ ಅಡ್ಡ ನಿಂತಳು. ಹರಿಣಾಕ್ಷಿಯನ್ನು ಅವಳು ಮಲಯಾಳದಲ್ಲಿ ‘ಮೋಳೆ’, ಮಗಳೇ ಎಂದೇ ಕರೆಯುತ್ತಿದ್ದಳು. “ಈಗ ಬಡಿಸಿದ್ದಷ್ಟೇ ಮೋಳೆ. ತಿಂದು ಹೋಗ್ಲಿ. ಈ ಮಳೆಯಲ್ಲಿ ಪಿಳ್ಳೆಗಳನ್ನು ಹೊರಗೆ ಹಾಕುದಾ?”

ಹರಿಣಾಕ್ಷಿ ಒಳಗೆ ನುಗ್ಗಿ, ಬಾಗಿಲ ಬಳಿ ಕೂತಿದ್ದ ಮಗುವನ್ನು ಕಂಕುಳಿಗೆ ಎತ್ತಿಕೊಂಡಳು. ತಟ್ಟೆ ಉರುಳಿತು, ಮಗು ಚೀರಿತು. ಹಿಂದಿನ ಗೋಡೆಯ ಬುಡದಲ್ಲಿ ಕೆಂಪು ನೀರು ಸಣ್ಣಗೆ ಒಸರುತ್ತಿರುವುದನ್ನು ಆಗ ಕುಟ್ಟಿಯಮ್ಮ ಕಂಡಳು. “ಈಶೋಯೇ!” ಎಂದು ಏಸುವನ್ನು ಕರೆದು ಎರಡು ಮಕ್ಕಳನ್ನು ಎರಡು ಕಡೆ ಎತ್ತಿದಳು. ಕೈಯಿಂದ ಕೈಗೆ ದಾಟಿ ಮೂವತ್ತು ಮಕ್ಕಳೂ ಗುಡ್ಡದ ಮೇಲಕ್ಕೆ ಹೋದರು. ಕುಟ್ಟಿಯಮ್ಮ ಹಾಜರಿ ಪುಸ್ತಕ ಹಿಡಿದು ಎರಡು ಸಲ ಎಣಿಸಿದಳು.

ಆದರೆ ಬಾಲವಾಡಿಯ ಕೆಳಗೆ, ತೋಡಿನ ದಂಡೆಯಲ್ಲಿ, ಇನ್ನೂ ಮೂರು ಮನೆಗಳಿದ್ದವು. ಅಲ್ಲಿಯವರನ್ನು ಹೊರಡಿಸಲು ಮಾಸ್ತರರೊಬ್ಬರು ಓಡಿದರು. ನಡೆಯಬಲ್ಲವರು ಬಂದರು, ಆದರೆ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರೊಬ್ಬರಿದ್ದರು. ಅವರನ್ನು ಹೊತ್ತು ತರೋಣವೆಂದರೆ ಕೆಳಗಿನ ಪಾಲ, ತೋಡು ದಾಟುವ ಕಾಲುಸೇತುವೆ, ಆಗಲೇ ಮುಳುಗಿತ್ತು.

“ಮೇಡಂ, ಈಗ ಎಂತ ಮಾಡುದು?” ಚಾಕೋ ಮಾಸ್ಟ್ರು ಕೇಳಿದರು.

“ನೀರು ತಾನೇ ದಾರಿ ಮಾಡಿಕೊಂಡ್ರೆ ನಡುವಿನಿಂದ ಒಡೀತದೆ. ಎಲ್ಲ ಒಂದೇ ಸಲಕ್ಕೆ ಆ ಮನೆಗಳ ಮೇಲೆ ಹೋಗ್ತದೆ. ನಾವೇ ಬಲದ ಅಂಚಿನಲ್ಲಿ ಕಡಿದುಬಿಟ್ಟರೆ, ಅಲ್ಲಿ ಅಡಿಯಲ್ಲಿ ಗಟ್ಟಿ ಮುರಕಲ್ಲು ಉಂಟು, ನೀರು ಅದನ್ನು ಕೊರೆಯುದಿಲ್ಲ. ನಿಧಾನಕ್ಕೆ ಇಳಿದು ರಬ್ಬರ್ ತೋಟದ ಕಡೆ ಹೋಗ್ತದೆ.”

“ಮೈದಾನ?”

“ಅರ್ಧ ಹೋಗ್ತದೆ ಮಾಸ್ಟ್ರೆ.”

ಅಷ್ಟರಲ್ಲಿ ಹಾರೆ ಪಿಕ್ಕಾಸು ಹಿಡಿದ ಹತ್ತಿಪ್ಪತ್ತು ಜನ ಸೇರಿದ್ದರು. ಜೋಯಿ ಮುಂದೆ ಬಂದ. ಜೀಪಿನಲ್ಲಿದ್ದ ನಗು ಅವನ ಮುಖದಲ್ಲಿ ಇರಲಿಲ್ಲ. “ಎಂತ ಮಾತಾಡುದು ನೀವು? ಎರಡು ತಿಂಗಳು ನಮ್ಮ ಹೆಂಗಸರು ಮಕ್ಕಳೆಲ್ಲ ಮಣ್ಣು ಹೊತ್ತದ್ದು. ಲೆಕ್ಕ ತಪ್ಪಿದವರ ಲೆಕ್ಕವನ್ನೇ ನಂಬಿ ಈಗ ಅದನ್ನು ಕಡಿಯುದಾ? ಇದೂ ತಪ್ಪಿದ್ರೆ?”

ಅವಳನ್ನು ಎಲ್ಲಕ್ಕಿಂತ ಹೆದರಿಸಿದ್ದು ಆ ಮಾತು. ಇದೂ ತಪ್ಪಿದ್ದರೆ? ಈಗಲೇ ಮಳೆ ನಿಂತುಬಿಟ್ಟರೆ? ನೀರಿಗಾಗಿ ಕಡಿದ ಚಾಲೇ ಅಗಲವಾಗಿ ಬಿರಿದು, ಉಳಿಯಬೇಕಾದದ್ದೂ ಕೊಚ್ಚಿಹೋದರೆ? ಅವಳ ಬಳಿ ಕಂಪ್ಯೂಟರ್ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಅವಳು ಒಂದು ಕೋಲು ಮುರಿದು ನೀರಿನ ಅಂಚಿನಲ್ಲಿ ಚುಚ್ಚಿ, ನೀರು ಮುಟ್ಟಿದಲ್ಲಿ ಉಗುರಿನಿಂದ ಗೀರಿದಳು.

“ನನ್ನನ್ನು ನಂಬುದು ಬೇಡ. ಹತ್ತು ನಿಮಿಷ ಈ ಕೋಲನ್ನು ನೀವೇ ನೋಡಿ.”

ಜೋಯಿ ಮಳೆಯಲ್ಲಿ ಕುಕ್ಕರಗಾಲಿನಲ್ಲಿ ಕೂತ. ಯಾರೂ ಅಲುಗಲಿಲ್ಲ. ಹತ್ತು ನಿಮಿಷ ತುಂಬುವ ಮೊದಲೇ ಗೀರು ಮುಳುಗಿ, ಅದರ ಮೇಲೆ ಒಂದು ಗೇಣು ನೀರು ನಿಂತಿತ್ತು. ಇನ್ನು ನಾಲ್ಕು ಗೇಣು ಏರಿದರೆ ಮೈದಾನ. ಜೋಯಿ ಎದ್ದ. ಪಕ್ಕದವನ ಕೈಯಿಂದ ಹಾರೆ ತೆಗೆದುಕೊಂಡು ಬಲದ ಅಂಚಿಗೆ ನಡೆದ.

ಅವಳು ತೋರಿಸಿದ ಗೆರೆಯಲ್ಲಿ ಕಡಿದರು. ಹೆಂಗಸರೂ ಬುಟ್ಟಿ ಹಿಡಿದರು. ಅದೇ ಮಣ್ಣು, ಅದೇ ಕೈಗಳು. ಕಾಲಡಿಯ ನೆಲ ಮೆದುವಾಗಿ ಅದುರುತ್ತಿರುವುದು ಹರಿಣಾಕ್ಷಿಗೆ ತಿಳಿಯುತ್ತಿತ್ತು. ನಡುವೆ ಒಂದು ಬಿರುಕು ಕೂದಲೆಳೆಯಂತೆ ಕಾಣಿಸಿಕೊಂಡಿತು. ಅದನ್ನು ಕಂಡದ್ದು ಅವಳೊಬ್ಬಳೇ. ಹೇಳಿದರೆ ಎಲ್ಲರೂ ಓಡುತ್ತಾರೆ, ಹೇಳದಿದ್ದರೆ— ಮಂಗಳವಾರದ ಮೌನ ನೆನಪಾಯಿತು.

“ಬಿರುಕು ಬಿಟ್ಟಿದೆ! ಹೆಂಗಸರೆಲ್ಲ ಗುಡ್ಡಕ್ಕೆ ಹೋಗಿ! ನಡುವೆ ಯಾರೂ ನಿಲ್ಲಬೇಡಿ!” ಎಂದು ಕಿರುಚಿದಳು.

ಹೆಂಗಸರು ಹೋದರು. ಜೋಯಿ ಮತ್ತು ಆರು ಜನ ಅಂಚಿನಲ್ಲಿ ಉಳಿದರು. ಕೊನೆಯ ಮೊಳದಷ್ಟು ಮಣ್ಣು ತೆಗೆಯುವಾಗ ಅವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದರು. ನೀರು ಮೊದಲು ಕೈಯಗಲವಾಗಿ ಚಾಲಿಗೆ ಇಳಿಯಿತು. ಆಮೇಲೆ ಗುಡುಗಿನಂತೆ ಸದ್ದು ಮಾಡುತ್ತ ನುಗ್ಗಿತು. ಎಲ್ಲರನ್ನೂ ಹಗ್ಗದಲ್ಲಿ ಎಳೆದುಕೊಂಡರು. ಚಾಲಿನ ಬದಿಗಳು ಹೋಳುಹೋಳಾಗಿ ಕಳಚಿದವು. ಗೋಲಿನ ಕಂಬ ನಿಂತಲ್ಲಿಂದಲೇ ಕಾಣೆಯಾಯಿತು. ಅಡಿಯ ಮುರಕಲ್ಲು ಸಿಕ್ಕಿದ ಮೇಲೆ ನೀರು ಇನ್ನು ಆಳಕ್ಕೆ ಕೊರೆಯಲಿಲ್ಲ.

ನಡುವಿನ ಬಿರುಕೂ ಸುಮ್ಮನಿರಲಿಲ್ಲ. ಮೈದಾನದ ಮುಖದಿಂದ ಒಂದು ದೊಡ್ಡ ಮುದ್ದೆ ಕುಸಿದು ಬಾಲವಾಡಿಯ ಹಿಂದಿನ ಗೋಡೆಯನ್ನು ಒಡೆದು ಒಳಗೆ ನುಗ್ಗಿತು. ಕಿಟಕಿಯೆತ್ತರದವರೆಗೆ ಮಣ್ಣು. ಆದರೆ ಅಷ್ಟರಲ್ಲಿ ಕೆರೆ ಇಳಿಯುತ್ತಿತ್ತು. ಕುಸಿತ ಅಲ್ಲಿಗೆ ನಿಂತಿತು. ಮೂರೂ ಮನೆಗಳ ಅಂಗಳದಲ್ಲಿ ಕೆಸರು ತುಂಬಿತು, ಒಳಗೆ ಬರಲಿಲ್ಲ. ಮೂರು ಗಂಟೆಗೆ ಮಳೆ ಸಣ್ಣದಾದಾಗ ಮುದುಕರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು.

ಹರಿಣಾಕ್ಷಿ ಶಾಲೆಯ ಜಗಲಿಯಲ್ಲಿ ಕೂತಳು. ಯಾರೂ ಅವಳನ್ನು ಹೊಗಳಲಿಲ್ಲ, ಯಾರೂ ಬೈಯಲಿಲ್ಲ. ಜನ ಒಡೆದ ಗೋಡೆಯನ್ನು ನೋಡಿ ಬಂದು, ತಮ್ಮ ಮಕ್ಕಳ ತಲೆ ಮುಟ್ಟಿ, ಸುಮ್ಮನೆ ಮನೆಗೆ ಹೋದರು. ಚಾಕೋ ಮಾಸ್ಟ್ರು ಮಾತ್ರ ಹತ್ತಿರ ಬಂದು ನಿಂತರು.

“ಮಂಗಳವಾರವೇ ಹೇಳ್ಬೇಕಿತ್ತು,” ಎಂದರು.

“ಹೌದು ಮಾಸ್ಟ್ರೆ.”

ಶನಿವಾರ ರೈಗಳು ಹರಿಣಾಕ್ಷಿಯನ್ನು ಕಾರಿನಲ್ಲಿ ಕರೆದುಕೊಂಡು ತಾವೇ ಕಡಬಕ್ಕೆ ಬಂದರು. ಬಾಲವಾಡಿಯೊಳಗಿನ ಮಣ್ಣಿನ ಮುಂದೆ, ಅದರಡಿಯಿಂದ ಇಣುಕುತ್ತಿದ್ದ ಪುಟ್ಟ ಸ್ಟೀಲ್ ತಟ್ಟೆಗಳ ಮುಂದೆ ನಿಂತರು. ಶಾಲೆಯ ಸಮಿತಿಯವರೆದುರು, “ಗೊತ್ತಾದ ಮೇಲೂ ಸುಮ್ಮನಿರಲಿಕ್ಕೆ ಹೇಳಿದ್ದು ನಾನು,” ಎಂದರು. ಅವಳ ಕಡೆ ನೋಡಲಿಲ್ಲ. ಸೋಮವಾರದಿಂದ ಕಚೇರಿಯಲ್ಲಿ ಪ್ರತಿ ಪೈಪಿನ ಲೆಕ್ಕವನ್ನೂ ಒಬ್ಬರು ಕಂಪ್ಯೂಟರಿನಲ್ಲಿ, ಇನ್ನೊಬ್ಬರು ಕೈಯಲ್ಲಿ ಮಾಡುವ ಕ್ರಮ ಬಂತು. ಕೈಲೆಕ್ಕ ಮಾಡಲು ರೈಗಳೇ ಕೂತರು.

ಮರುವರ್ಷದ ಬೇಸಿಗೆಯಲ್ಲಿ ಮೈದಾನವನ್ನು ಮತ್ತೆ ಕಟ್ಟಿದರು. ಹಳೆಯ ಪೈಪಿನ ಪಕ್ಕ ಇನ್ನೊಂದು ಪೈಪು ಹಾಕಿದರು. ಬಾಲವಾಡಿಯನ್ನು ಗುಡ್ಡದ ಮೇಲಕ್ಕೆ ಒಯ್ದರು. ಜೂನ್ ಕೊನೆಯಲ್ಲಿ ಮೊದಲ ದೊಡ್ಡ ಮಳೆ ಹಿಡಿದ ದಿನ ಹರಿಣಾಕ್ಷಿ ರಜೆ ಹಾಕಿ, ಯಾರೂ ಕರೆಯದೆಯೇ ಬಸ್ಸು ಹತ್ತಿ ಬಂದಳು. ತೋಡಿನ ದಂಡೆಯಲ್ಲಿ ಕೊಡೆಯಡಿ ಕೂತು, ಎರಡು ಪೈಪುಗಳೂ ಅರ್ಧಕ್ಕೆ ತುಂಬಿ ನೀರು ನುಂಗುವುದನ್ನು ನೋಡತೊಡಗಿದಳು.

ಸಂಜೆ ನಾಲ್ಕಕ್ಕೆ ಕುಟ್ಟಿಯಮ್ಮ ಬಂದು ಅವಳ ಪಕ್ಕ ನಿಂತಳು.

“ಸಾಕಲ್ವಾ ಮೋಳೆ? ಸರಿಯಾಗಿ ಹೋಗ್ತಾ ಉಂಟಲ್ಲ. ಕಡೇ ಬಸ್ಸು ತಪ್ತದೆ.”

“ಇನ್ನೊಂದು ಸ್ವಲ್ಪ ಅಮ್ಮ. ಮಳೆ ಬಿಡ್ಲಿ.”

ಕುಟ್ಟಿಯಮ್ಮ ಸೆರಗನ್ನು ತಲೆಗೆ ಎಳೆದುಕೊಂಡು, ಒದ್ದೆ ಕಲ್ಲಿನ ಮೇಲೆ ಅವಳ ಪಕ್ಕದಲ್ಲೇ ಕೂತಳು.