ಎಡಮೂಲೆಯ ಹಸಿರು ರುಜು

ಕಾಗದದ ಎಡಮೂಲೆಯಲ್ಲಿ, ಕಡಲೆಕಾಳು ಹಿಡಿಸುವಷ್ಟು ಜಾಗದಲ್ಲಿ, ಹಸಿರು ಶಾಯಿಯ ಒಂದು ಚಿಕ್ಕ ರುಜು. ಮರುಳಯ್ಯನವರು ಎಂದೊಡನೆ ಅವರ ಮುಖಕ್ಕಿಂತ ಮೊದಲು ನನಗೆ ನೆನಪಾಗುವುದು ಅದೇ. ನಮ್ಮೂರಿನ ನೀರು ಸರಬರಾಜು ಮಂಡಳಿಯಲ್ಲಿ ಅವರು ಮೂವತ್ತೊಂದು ವರ್ಷ ಸಾರ್ವಜನಿಕ ಸಂಪರ್ಕಾಧಿಕಾರಿಯಾಗಿದ್ದರು. ನಲ್ಲಿ ಬತ್ತಿದರೂ ಪೈಪು ಒಡೆದರೂ ಜನರಿಗೆ, ಪತ್ರಿಕೆಗಳಿಗೆ ಉತ್ತರ ಕೊಡಬೇಕಾದವರು ಅವರೇ. ಅವರ ಕೈಕೆಳಗೆ ಬರೆಯುವುದನ್ನು ಕಲಿತ ನಾನು, ಅವರು ನಿವೃತ್ತರಾದ ಮೇಲೆ ಅವರದೇ ಕುರ್ಚಿಯಲ್ಲಿ ಹಂಗಾಮಿಯಾಗಿ ಕೂತಿದ್ದೆ.

ಪ್ರಕಟಣೆ ಬರೆದವರು ಕಚೇರಿ ಪ್ರತಿಯ ಎಡಮೂಲೆಯಲ್ಲಿ ರುಜು ಹಾಕುವುದು ನಮ್ಮಲ್ಲಿ ರೂಢಿ. ಪತ್ರಿಕೆಯಲ್ಲಿ ಹೆಸರು ಬರುವುದಿಲ್ಲವಾದ್ದರಿಂದ ಬರೆದವರಾರು ಎಂಬುದಕ್ಕೆ ಅದೊಂದೇ ಸಾಕ್ಷಿ. ಹಸಿರು ಶಾಯಿ ಮರುಳಯ್ಯನವರೊಬ್ಬರದು, ಉಳಿದವರದೆಲ್ಲ ನೀಲಿ. ಅವರು ನಮಗೆ ಕಲಿಸಿದ ದೊಡ್ಡ ಪಾಠವೂ ಒಂದೇ. 'ತಿಳಿದುಬಂದಿಲ್ಲ' ಎಂದು ಬರೆದುಕೊಂಡು ಹೋದರೆ ಕಾಗದವನ್ನು ಹಿಂದಕ್ಕೆ ತಳ್ಳುತ್ತಿದ್ದರು.

"ಯಾರಿಗೆ ತಿಳಿದಿಲ್ಲ, ಅದನ್ನ ಬರಿ ಕಣಯ್ಯ. ತಿಳಿದೋನು ಒಬ್ಬ ಇದ್ದೇ ಇರ್ತಾನೆ."

ಅವರು ನಿವೃತ್ತರಾದ ನಾಲ್ಕನೆಯ ವರ್ಷ ಸಂಪರ್ಕಾಧಿಕಾರಿಗಳ ಸಂಘದವರು ಜೀವಮಾನ ಸಾಧನೆಯ ಪ್ರಶಸ್ತಿಗೆ ಹೆಸರು ಸೂಚಿಸಿ ಎಂದು ಪತ್ರ ಬರೆದರು. ಹಿಂದುಮುಂದು ನೋಡದೆ ಮರುಳಯ್ಯನವರ ಹೆಸರು ಬರೆದೆ. ಹೇಳಲು ಮನೆಗೆ ಹೋದಾಗ ಅವರು ನಕ್ಕು ಮಾತು ತೇಲಿಸಿದರು. ನನ್ನನ್ನು ಕಳಿಸಲು ಬಾಗಿಲವರೆಗೆ ಬಂದ ಅವರ ಹೆಂಡತಿ ನೀಲಮ್ಮನವರು ಮಾತ್ರ ದನಿ ತಗ್ಗಿಸಿದರು.

"ಬಂದ್ರೆ ಚೆನ್ನಾಗಿತ್ತಪ್ಪ. ಆ ನೀರಿನ ಗಲಾಟೆ ಆದ್ಮೇಲೆ ಇವರು ಗಾಣಿಗರ ಬೀದೀಲಿ ತಲೆ ಎತ್ತಿ ನಡೆದಿಲ್ಲ."

ಆ ಗಲಾಟೆಯ ವಿಚಾರ ಇಷ್ಟು. ಒಂದು ಮಳೆಗಾಲ ನಲ್ಲಿಗಳಲ್ಲಿ ಕೆಂಪು ನೀರು ಬಂದಿತ್ತು. ನೀರಿನ ಪರೀಕ್ಷೆ ಮುಗಿದಿದೆ, ಗಾಣಿಗರ ಬೀದಿಯದೊಂದು ಬಾಕಿ ಎಂದು ಎಂಜಿನಿಯರು ಫೋನಿನಲ್ಲಿ ಹೇಳಿದ್ದರು. ಪತ್ರಿಕೆಗಳಿಗೆ ಕೊಡುವ ಹೊತ್ತು ಮೀರುತ್ತಿತ್ತು. ಮರುಳಯ್ಯನವರು ಒಳಗೆ ಸಭೆಯಲ್ಲಿದ್ದರು. ಒಂದು ಬೀದಿಗಾಗಿ ಯಾಕೆ ಕಾಯುವುದೆಂದು, 'ಊರಿನ ಎಲ್ಲ ಬೀದಿಗಳ ನೀರೂ ಕುಡಿಯಲು ಯೋಗ್ಯವಾಗಿದೆ' ಎಂದು ಬರೆದು ಕಳಿಸಿದವನು ನಾನು. ಎರಡೇ ದಿನದಲ್ಲಿ ಗಾಣಿಗರ ಬೀದಿಯ ಇಪ್ಪತ್ತಮೂರು ಜನ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು. ಯಾರೂ ಸಾಯಲಿಲ್ಲ. ಅದು ಅವರ ಪುಣ್ಯ, ನನ್ನದಲ್ಲ.

ಕಡತ ವಿಚಾರಣೆಗೆ ಹೋಗುವ ಬೆಳಿಗ್ಗೆ ಮರುಳಯ್ಯನವರು ಆ ಹಾಳೆ ತರಿಸಿಕೊಂಡು, ನನ್ನ ನೀಲಿ ರುಜುವಿನ ಮೇಲೆಯೇ ಒತ್ತಿ ತಮ್ಮ ಹಸಿರು ರುಜು ಹಾಕಿದರು. ನಾನು ಎದುರಿಗೇ ನಿಂತಿದ್ದೆ, ಬೇಡ ಎನ್ನಲಿಲ್ಲ. ಬರಬೇಕಿದ್ದ ಬಡ್ತಿ ಅವರಿಗೆ ತಪ್ಪಿತು. ಆ ಬೀದಿಯ ಮನೆಮನೆಗೂ ಹೋಗಿ ಅವರೇ ಕ್ಷಮೆ ಕೇಳಿಬಂದರು.

ಪ್ರಶಸ್ತಿಯ ಅರ್ಜಿಗೆ ಅವರ ಒಳ್ಳೆಯ ಪ್ರಕಟಣೆಗಳನ್ನು ಲಗತ್ತಿಸಬೇಕಿತ್ತು. ಹಳೆಯ ಕಡತಗಳನ್ನೆಲ್ಲ ಇಳಿಸಿಕೊಂಡು ಕೂತೆ. ಊರೇ ಮೆಚ್ಚಿದ ಪ್ರಕಟಣೆಗಳಲ್ಲಿ ಒಂದಕ್ಕೂ ಹಸಿರು ರುಜುವಿಲ್ಲ. ಸಾಲುಸಾಲೂ ಅವರೇ ಹೇಳಿ ಬರೆಸಿದ್ದವುಗಳಿಗೂ ನಮ್ಮ ನೀಲಿಯೇ. ಹಸಿರು ಇದ್ದದ್ದು ಎಡವಟ್ಟಾದ ಕಾಗದಗಳ ಮೇಲೆ ಮಾತ್ರ. ಕಡತವನ್ನು ನಂಬುವುದಾದರೆ ಆ ಮನುಷ್ಯ ಮೂವತ್ತೊಂದು ವರ್ಷ ಬರೀ ತಪ್ಪನ್ನೇ ಬರೆದಿದ್ದ! ಒಂದೊಂದೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಪ್ರತಿ ಹಸಿರಿನ ಕೆಳಗೂ ಯಾರದೋ ಒಂದು ನೀಲಿ ಇತ್ತು. ಮಾಡಿದ್ದುಣ್ಣೋ ಮಾರಾಯ ಎನ್ನುತ್ತಾರೆ. ಈ ಮಾರಾಯ ನಾವು ಮಾಡಿದ್ದನ್ನೆಲ್ಲ ತಾನು ಉಂಡಿದ್ದ.

ಇದನ್ನೇ ಬರೆದಿದ್ದರೆ ಸಾಕಿತ್ತು. ಹಾಗೆ ಬರೆದರೆ ಆ ನೀಲಿಗಳಲ್ಲಿ ನನ್ನದೂ ಒಂದೆಂದು ಹೇಳಬೇಕಾಗುತ್ತಿತ್ತು. ಅದರ ಬದಲು ನಾಲ್ಕು ಪುಟ ತುಂಬ ಹೊಗಳಿಕೆ ಸುರಿದು ಕಳಿಸಿದೆ.

ತಿಂಗಳ ಮೇಲೆ ಸಂಘದಿಂದ ಉತ್ತರ ಬಂತು. ಎಲ್ಲರಿಗೂ ಒಪ್ಪಿಗೆಯಿದೆ, ಆ ನೀರಿನ ಪ್ರಕಟಣೆಯದೊಂದೇ ತೊಡಕು. ಅದನ್ನು ಬರೆದವರು ಬೇರೆಯವರಾಗಿದ್ದರೆ ಅವರಿಂದ ಒಂದು ಸಾಲು ಬರಲಿ, ಎಂಟು ದಿನ ಕಾಯುತ್ತೇವೆ ಎಂದಿದ್ದರು. ಅದೇ ವಾರ ನನ್ನ ಹುದ್ದೆ ಕಾಯಂ ಮಾಡುವ ವಿಷಯ ಮಂಡಳಿಯ ಮುಂದಿತ್ತು. ಏಳು ದಿನ ಆ ಪತ್ರವನ್ನು ಮೇಜಿನ ಡ್ರಾಯರಿನಲ್ಲಿಟ್ಟುಕೊಂಡು ಒದ್ದಾಡಿದೆ. ಎಂಟನೆಯ ದಿನ ಬರೆದೆ: 'ಸದರಿ ಪ್ರಕಟಣೆಯನ್ನು ಬರೆದವರು ಯಾರೆಂಬುದು ತಿಳಿದುಬಂದಿಲ್ಲ.' ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಕಚೇರಿ ಪ್ರತಿಯ ಎಡಮೂಲೆಯಲ್ಲಿ ರುಜು ಹಾಕಿದೆ.

ಪ್ರಶಸ್ತಿ ಬೇರೆ ಊರಿನವರೊಬ್ಬರಿಗೆ ಹೋಯಿತು.

ಏನು ಬರೆದಿದ್ದೀಯ ನೋಡೋಣ ಎಂದು ಮರುಳಯ್ಯನವರೇ ಹೇಳಿಕಳಿಸಿದ್ದರಿಂದ ಕಡತ ಹಿಡಿದು ಅವರ ಮನೆಗೆ ಹೋದೆ. ನೀಲಮ್ಮನವರು ಮಜ್ಜಿಗೆ ತಂದಿಟ್ಟು ಒಳಗೆ ಹೋದರು. ಆ ನಾಲ್ಕು ಪುಟ ಓದಿ ಮರುಳಯ್ಯನವರು, ಇಷ್ಟು ಹೊಗಳಿದರೆ ಸತ್ತವನೆಂದುಕೊಳ್ಳುತ್ತಾರೆ ಎಂದು ನಕ್ಕರು. ಆಮೇಲೆ ಕೊನೆಯ ಹಾಳೆಗೆ ಬಂದರು. ಇದ್ದದ್ದು ಒಂದೇ ಸಾಲು. ಅದನ್ನು ಅವರು ಬಹಳ ಹೊತ್ತು ಓದಿದರು. ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ.

"ಸರ್, ನಾನು..." ಎಂದೆ.

"ಕೆಲಸ ಕಾಯಂ ಆಯ್ತೇನಯ್ಯ?"

"ಆಯ್ತು ಸರ್."

"ಒಳ್ಳೇದಾಯ್ತು" ಎಂದರು. ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಹೆಂಡತಿಯನ್ನು ಕೂಗಿ ಪೆನ್ನು ತರಿಸಿಕೊಂಡರು. ಬಹಳ ದಿನದಿಂದ ಬರೆಯದ ಪೆನ್ನು, ಎರಡು ಸಲ ಕೊಡವಿದ ಮೇಲೆ ಶಾಯಿ ಬಂತು. ಹಾಳೆಯ ಎಡಮೂಲೆಯಲ್ಲಿ, ನನ್ನ ನೀಲಿಯ ಮೇಲೆ ಒತ್ತಿ, ತಮ್ಮ ರುಜು ಹಾಕಿದರು. ಉಫ್ ಎಂದು ಊದಿ, ಒಣಗಿತೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಕಡತದಲ್ಲಿಟ್ಟು ನನ್ನ ಕೈಗೆ ಕೊಟ್ಟರು.

ಈಗ ಅವರಿಲ್ಲ. ನಾನೂ ನಿವೃತ್ತನಾಗಿ ಎಷ್ಟೋ ವರ್ಷವಾಯಿತು. ಆ ಹಾಳೆಯೊಂದನ್ನು ಮನೆಗೆ ತಂದಿಟ್ಟುಕೊಂಡಿದ್ದೇನೆ. ಆಗಾಗ ತೆಗೆದು ನೋಡುತ್ತೇನೆ. ಬೆಳಕಿಗೆ ಮಾತ್ರ ಇದುವರೆಗೂ ಹಿಡಿದಿಲ್ಲ.